ಅನಿಮೆಯಿಂದ ಲೈವ್ ಆಕ್ಷನ್‌ಗೆ: ಹಾಲಿವುಡ್ ನಿಜವಾಗಿ ಎಲ್ಲಿ ಎಡವುತ್ತದೆ?

ತೆರೆಮರೆ:

ಅನಿಮೆಯನ್ನು, ಅಂದರೆ ಜಪಾನಿನ ಅನಿಮೇಷನ್ ಕಥೆಗಳನ್ನು, ಹಾಲಿವುಡ್ ನಿಜ ನಟರೊಂದಿಗೆ (ಲೈವ್ ಆಕ್ಷನ್) ಮತ್ತೆ ಮಾಡುವ ಮಾತು ಬಂದಾಗಲೆಲ್ಲ ಅವೇ ಮೂರು ಕಾರಣ ಕೇಳಿಬರುತ್ತವೆ. ಜಪಾನಿ ಪಾತ್ರಕ್ಕೆ ಬಿಳಿಯ ನಟರು, ಸಾಲದ ಹಣ, ಮೂಲದ ಬಗ್ಗೆ ಪ್ರೀತಿಯಿಲ್ಲದ ತಂಡ. ಮೂರನ್ನೂ ಕೂಡಿಸಿದರೂ ಲೆಕ್ಕ ತಾಳೆಯಾಗುವುದಿಲ್ಲ. 2017ರ 'ಘೋಸ್ಟ್ ಇನ್ ದ ಶೆಲ್'ಗೆ ಸುಮಾರು 11 ಕೋಟಿ ಡಾಲರ್ ಸುರಿದಿದ್ದರು. ಅಲ್ಲಿ ಹಣಕ್ಕೆ ಬರವಿರಲಿಲ್ಲ. 2021ರ 'ಕೌಬಾಯ್ ಬಿಬಾಪ್'ನಲ್ಲಿ ನಾಯಕ ಸ್ಪೈಕ್ ಆಗಿದ್ದವರು ಏಷ್ಯಾ ಮೂಲದ ಜಾನ್ ಚೋ, ಸಂಗೀತಕ್ಕೆ ಮೂಲ ಸರಣಿಯ ಯೋಕೊ ಕಾನೊ ಅವರೇ ಬಂದಿದ್ದರು. ಆದರೂ ಬಿಡುಗಡೆಯಾಗಿ ಮೂರು ವಾರ ತುಂಬುವ ಮೊದಲೇ ಸರಣಿ ರದ್ದಾಯಿತು. ಅದೇ ನೆಟ್‌ಫ್ಲಿಕ್ಸ್, ಅದೇ ಟುಮಾರೋ ಸ್ಟುಡಿಯೋಸ್ 2023ರಲ್ಲಿ 'ಒನ್ ಪೀಸ್' ಮಾಡಿದಾಗ ಜನ ಒಪ್ಪಿಕೊಂಡರು. ಕೈ ರಬ್ಬರಿನಂತೆ ಹಿಗ್ಗುವ ಹುಡುಗನ ಕಥೆ ತೆರೆಯ ಮೇಲೆ ನಿಲ್ಲುವುದಾದರೆ, ಕೋಟು ತೊಟ್ಟು ಸಿಗರೇಟು ಸೇದುತ್ತ ಬಹುಮಾನಕ್ಕಾಗಿ ಅಪರಾಧಿಗಳನ್ನು ಬೇಟೆಯಾಡುವ ಸ್ಪೈಕ್‌ನ ಕಥೆ ಯಾಕೆ ನಿಲ್ಲಲಿಲ್ಲ?

ಕೆಡುವುದು ಚಿತ್ರಕಥೆಯಲ್ಲೋ, ಕ್ಯಾಮೆರಾದ ಮುಂದೋ, ಒಪ್ಪಂದದ ಕಾಗದದಲ್ಲೋ? 'ಆತ್ಮ ಕಳೆದುಕೊಂಡಿತು' ಎಂಬಂಥ ಮಾತು ಬೇಡ. ದೃಶ್ಯವನ್ನೋ ಸಂಚಿಕೆಯನ್ನೋ ತೋರಿಸಿ ಹೇಳಿ.

ಕತ್ತರಿಕೆಲಸ:

ಚಿತ್ರಕಥೆಯಿಂದ ಶುರುಮಾಡುತ್ತೇನೆ. 'ಕಥೆ ಉದ್ದವಿತ್ತು, ಕತ್ತರಿಸಿದರು, ಕೆಟ್ಟಿತು' ಎನ್ನುವುದು ಅರ್ಧ ಸತ್ಯ. ಯಾವುದನ್ನು ಕತ್ತರಿಸಿದರು ಎಂಬುದರಲ್ಲಿ ಉಳಿದರ್ಧ ಇದೆ.

'ಡೆತ್ ನೋಟ್' ತೆಗೆದುಕೊಳ್ಳಿ. ಮ್ಯಾಡ್‌ಹೌಸ್ ಸ್ಟುಡಿಯೋದ ಮೂಲ ಅನಿಮೆ ಸರಣಿ 37 ಸಂಚಿಕೆ, ಹಾಡುಗಳನ್ನು ಬಿಟ್ಟರೂ ಹನ್ನೆರಡು ಗಂಟೆಯ ಸರಕು. ಆಡಮ್ ವಿಂಗಾರ್ಡ್ ಅವರ 2017ರ ಚಿತ್ರ ನೂರು ನಿಮಿಷದ ಆಸುಪಾಸು. ಆದರೆ ಆ ಕಥೆಯನ್ನು ಓಡಿಸುವುದು ಘಟನೆಗಳ ಸಂಖ್ಯೆಯಲ್ಲ, ಹೆಸರು ಬರೆದರೆ ಸಾವು ತರುವ ಪುಸ್ತಕದ ನಿಯಮಗಳು. ಮುಖ ನೆನೆದು ಹೆಸರು ಬರೆಯಬೇಕು. ಸಾವಿನ ಕಾರಣವನ್ನು 40 ಸೆಕೆಂಡಿನೊಳಗೆ ಬರೆಯದಿದ್ದರೆ ಹೃದಯಾಘಾತ. ಕಾರಣ ಬರೆದರೆ ವಿವರ ತುಂಬಲು ಇನ್ನು 6 ನಿಮಿಷ 40 ಸೆಕೆಂಡು. ಈ ಚೌಕಾಬಾರದ ಮನೆಗಳೊಳಗೇ ಪುಸ್ತಕ ಸಿಕ್ಕ ವಿದ್ಯಾರ್ಥಿ ಲೈಟ್ ಮತ್ತು ಅವನ ಬೆನ್ನಟ್ಟುವ ಪತ್ತೇದಾರ ಎಲ್ ಕಾಯಿ ನಡೆಸುತ್ತಾರೆ. ಎರಡನೆಯ ಸಂಚಿಕೆಯಲ್ಲಿ ಎಲ್ ಮರಣದಂಡನೆಯ ಕೈದಿಯೊಬ್ಬನನ್ನು ತಾನೇ ಎಂದು ಟಿವಿಯಲ್ಲಿ ಕೂರಿಸುತ್ತಾನೆ. ಲೈಟ್ ಕೆರಳಿ ಆತನನ್ನು ಕೊಲ್ಲುತ್ತಾನೆ. ಪ್ರಸಾರವಾಗಿದ್ದು ಕಾಂಟೊ ಪ್ರದೇಶದಲ್ಲಿ ಮಾತ್ರ ಎಂದು ಆಮೇಲೆ ತಿಳಿಯುತ್ತದೆ. ಒಂದೇ ನಡೆಯಲ್ಲಿ ಕೊಲೆಗಾರ ಇರುವ ಜಾಗ ಗೊತ್ತಾಯಿತು, ದೂರದಿಂದಲೇ ಕೊಲ್ಲಬಲ್ಲ ಎಂಬುದು ಗೊತ್ತಾಯಿತು, ಹೆಸರು ಮುಖ ತಿಳಿಯದವರನ್ನು ಮುಟ್ಟಲಾರ ಎಂಬುದೂ ಗೊತ್ತಾಯಿತು.

ಹಾಲಿವುಡ್ ಚಿತ್ರ ಇದಕ್ಕೆ ಹೊಸದೊಂದು ನಿಯಮ ಸೇರಿಸಿತು: ಹಾಳೆಯನ್ನು ಸುಟ್ಟರೆ ಒಮ್ಮೆ ಒಂದು ಸಾವನ್ನು ತಪ್ಪಿಸಬಹುದು. ಬರೆದದ್ದನ್ನು ಅಳಿಸಲಾಗದು ಎಂಬ ಭಯದ ಮೇಲೆ ನಿಂತ ಕಥೆಗೆ ಅಳಿಸುವ ರಬ್ಬರು ಕೊಟ್ಟ ಹಾಗಾಯಿತು. ಇನ್ನೊಂದು, ಲೈಟ್ ತಾನಾಗಿಯೇ ಗೆಳತಿ ಮಿಯಾಗೆ ಪುಸ್ತಕ ತೋರಿಸಿಬಿಡುತ್ತಾನೆ. ಮೂಲದಲ್ಲಿ ಅವನ ತಂದೆಯೇ ತನಿಖೆಯ ಮುಖ್ಯಸ್ಥ. ಒಂದೇ ಮನೆ, ಒಂದೇ ಊಟದ ಮೇಜು, ಮುಖದ ಮೇಲೆ ಜಾಣ ಮಗನ ನಗು, ಒಳಗೆ ಲೆಕ್ಕಾಚಾರ. ಬಿಗಿ ಇರುವುದೇ ಆ ಮುಖವಾಡದಲ್ಲಿ. ಸ್ವಗತವನ್ನು ನಟನ ಬಾಯಲ್ಲಿ ಹೇಳಿಸುವುದು ಕಷ್ಟ, ಅದಕ್ಕೇ ಕೇಳಿಸಿಕೊಳ್ಳಲು ಗೆಳತಿಯನ್ನು ತಂದರು ಎಂದುಕೊಳ್ಳಬಹುದು. ಆದರೆ ಕೇಳಿಸಿಕೊಳ್ಳುವವನು ಮೂಲದಲ್ಲೇ ಇದ್ದ. ಪುಸ್ತಕ ಮುಟ್ಟದವರಿಗೆ ಅದರ ಒಡೆಯನಾದ ಸಾವಿನ ದೇವತೆ ರ್‍ಯೂಕ್ ಕಾಣುವುದಿಲ್ಲ, ಕೇಳುವುದಿಲ್ಲ, ಹಾಗಾಗಿ ಲೈಟ್ ಅವನ ಜೊತೆ ಬಾಯಿಬಿಟ್ಟು ಮಾತಾಡಬಹುದು. ಶುಸುಕೆ ಕಾನೆಕೊ ಜಪಾನಿನಲ್ಲಿ 2006ರಲ್ಲಿ ಮಾಡಿದ ಎರಡು ಚಿತ್ರಗಳು ಇದನ್ನು ಬಳಸಿಕೊಂಡವು, ಎರಡೂ ಸೇರಿ ನಾಲ್ಕು ಗಂಟೆಗೂ ಮೀರಿ ಜಾಗವನ್ನೂ ಕೊಟ್ಟವು. 2017ರ ತಂಡದ ಬಳಿ ವಿಲೆಮ್ ಡಫೋ ಅವರಂಥ ಕಂಠವಿತ್ತು. ಆ ರ್‍ಯೂಕ್‌ನನ್ನು ಬರಿ ಹೆದರಿಸುವ ದೆವ್ವವಾಗಿಸಿ ಕತ್ತಲಲ್ಲಿ ನಿಲ್ಲಿಸಿದ್ದು ಆ ಚಿತ್ರದ ದೊಡ್ಡ ನಷ್ಟ.

ಸಾವುಗಳನ್ನೂ ಗಮನಿಸಿ. ಮೂಲದಲ್ಲಿ ಹೆಚ್ಚಿನವರು ಸದ್ದಿಲ್ಲದೆ ಎದೆ ಹಿಡಿದು ಕುಸಿಯುತ್ತಾರೆ, ರಭಸವೆಲ್ಲ ಪೆನ್ನಿನ ಮೊನೆಯಲ್ಲಿ. ಇಲ್ಲಿ ಮೊದಲ ಬಲಿಯ ತಲೆಯೇ ಏಣಿಗೆ ಸಿಕ್ಕಿ ಹಾರುತ್ತದೆ. ಬುದ್ಧಿಯ ಆಟವಾಗಿದ್ದದ್ದು ಅಲ್ಲಿಂದ ರಕ್ತದ ಚಿತ್ರವಾಯಿತು.

'ಡ್ರ್ಯಾಗನ್‌ಬಾಲ್ ಎವಲ್ಯೂಷನ್' ಬಗ್ಗೆ ಹೆಚ್ಚು ಬೇಡ. ಬೆಟ್ಟದಲ್ಲಿ ಅಜ್ಜನ ಕೈಯಲ್ಲಿ ಬೆಳೆದು ಊರನ್ನೇ ಕಾಣದ ಬಾಲದ ಹುಡುಗ ಗೊಕುವನ್ನು, ಪುಂಡರ ಕಾಟ ತಾಳುತ್ತ ಸಹಪಾಠಿಗೆ ಮನಸೋತ ಹೈಸ್ಕೂಲ್ ವಿದ್ಯಾರ್ಥಿ ಮಾಡಿದರು. ಗೊಕುವಿಗೆ ಲೋಕವೆಲ್ಲ ಹೊಸತು ಎಂಬ ಬೆರಗಿನಿಂದಲೇ ಆ ಕಥೆಯ ನಗು, ಸಾಹಸ ಎರಡೂ ಹುಟ್ಟುತ್ತವೆ. ಅದನ್ನು ತೆಗೆದರೆ ಉಳಿಯುವುದು ಹೆಸರಿನಲ್ಲಿರುವ ಏಳು ಮಾಯಾಗೋಲಿಗಳು.

ಇಪ್ಪತ್ನಾಲ್ಕು_ಚೌಕಟ್ಟು:

ಮೇಲಿನ ಮಾತು ಒಪ್ಪಿದೆ. ಆದರೆ ಚಿತ್ರಕಥೆ ಸರಿಯಿದ್ದರೂ ಸೆಟ್ಟಿನಲ್ಲಿ ಕೆಡುವುದು ಬಹಳ ಇದೆ. ಚಿತ್ರ ನಕಲು ಮಾಡುವವರು ಕಾಲವನ್ನು ನಕಲು ಮಾಡುವುದಿಲ್ಲ.

ಟಿವಿ ಅನಿಮೆ ಸೆಕೆಂಡಿಗೆ 24 ಚೌಕಟ್ಟಿನಲ್ಲೇ ಓಡುತ್ತದೆ, ಆದರೆ ಸಾಮಾನ್ಯವಾಗಿ ಒಂದೊಂದು ಚಿತ್ರ ಮೂರು ಚೌಕಟ್ಟು ನಿಲ್ಲುತ್ತದೆ. ಅಂದರೆ ಸೆಕೆಂಡಿಗೆ ಎಂಟೇ ಚಿತ್ರ. ಎಷ್ಟೋ ಕಡೆ ಅದೂ ಇಲ್ಲ, ಒಂದು ಭಂಗಿ ಹಾಗೇ ನಿಂತಿರುತ್ತದೆ, ಬಾಯಿಯೋ ಕೂದಲೋ ಮಾತ್ರ ಅಲುಗುತ್ತದೆ. ಹೊಡೆತ ಬೀಳುವ ಗಳಿಗೆಗೆ ಬಣ್ಣ ತಿರುಗಿಸಿದ ಒಂದೆರಡು ಚೌಕಟ್ಟು ಸೇರಿಸುತ್ತಾರೆ. ನಮ್ಮ ಕಣ್ಣಿಗೆ ಪೆಟ್ಟು ಜೋರಾಗಿ ಕಾಣುವುದು ಆ ನಿಲುಗಡೆಯಿಂದ. ಲೈವ್ ಆಕ್ಷನ್‌ನಲ್ಲಿ 24 ಚೌಕಟ್ಟೂ ಬೇರೆ ಬೇರೆ, ಪ್ರತಿಯೊಂದಕ್ಕೂ ಸಾಮಾನ್ಯವಾಗಿ 1/48 ಸೆಕೆಂಡಿನ ಬೆಳಕು, ಅದರ ಜೊತೆಗೇ ಚಲನೆಯ ಮಸುಕು. ಅದೇ ಹೊಡೆತವನ್ನು ಅದೇ ಕೋನದಿಂದ ಚಿತ್ರಿಸಿದರೆ ತೋಳು ಮಸುಕಾಗಿ ಹಾದುಹೋಗುತ್ತದೆ, ಪೆಟ್ಟು ಎಲ್ಲಿ ಬಿತ್ತೆಂದು ತಿಳಿಯುವುದಿಲ್ಲ. ಆಗ ನಿಧಾನಗತಿ ಹಾಕುತ್ತಾರೆ. ನಿಧಾನಗತಿ ಬಂತೆಂದರೆ ನಟನ ಭಾರ, ತಂತಿಯ ಎಳೆತ, ತಡವಾದ ಪ್ರತಿಕ್ರಿಯೆ ಎಲ್ಲ ಬಯಲಾಗುತ್ತದೆ. ಭಂಗಿ ಹಿಡಿದು ನಿಲ್ಲಿಸೋಣವೆಂದರೆ ಉಸಿರಾಡುವ ಮನುಷ್ಯ ಚಿತ್ರದಂತೆ ನಿಲ್ಲಲಾರ, ಫೋಟೋಗೆ ನಿಂತವನಂತೆ ಕಾಣುತ್ತಾನೆ.

ಪರಿಹಾರ ಇಲ್ಲವೆಂದಲ್ಲ. ಕೆಲವು ಹೊಡೆದಾಟಗಳನ್ನು 22 ಚೌಕಟ್ಟಿನ ಆಸುಪಾಸಿನಲ್ಲಿ ಚಿತ್ರಿಸಿ 24ರಲ್ಲಿ ಓಡಿಸುವುದು ಹಾಂಗ್‌ಕಾಂಗ್‌ನ ಹಳೆಯ ಪಾಠ. ಕತ್ತರಿಸದೆ ಮೂರು ನಾಲ್ಕು ಪೆಟ್ಟು ಒಂದೇ ಶಾಟ್‌ನಲ್ಲಿ ತೋರಿಸಿ, ಆಮೇಲೆ ಒಂದು ಕ್ಷಣ ಎಲ್ಲರೂ ಸ್ತಬ್ಧವಾಗುವಂತೆ ಸಂಯೋಜಿಸುವುದು ಇನ್ನೊಂದು. ಜಪಾನಿನ 2012ರ 'ರುರೌನಿ ಕೆನ್‌ಶಿನ್' ಗೆದ್ದದ್ದು ಇಲ್ಲಿ. ಹಾಂಗ್‌ಕಾಂಗ್‌ನ ಸಾಹಸ ನಟ ಡಾನಿ ಯೆನ್ ತಂಡದಲ್ಲಿ ಪಳಗಿದ ಸಾಹಸ ನಿರ್ದೇಶಕ ಕೆಂಜಿ ತಾನಿಗಾಕಿ ವೇಗವನ್ನು ಕಂಪ್ಯೂಟರಿಗೆ ಬಿಡದೆ ನಟರ ಕಾಲಿಗೇ ಕೊಟ್ಟರು. ಮೂಲ ಮಂಗಾದ (ಜಪಾನಿ ಕಾಮಿಕ್ಸ್) ಕತ್ತಿವೀರ ಕೆನ್‌ಶಿನ್ ಕಣ್ಣಿಗೆ ಕಾಣದಷ್ಟು ಬೇಗ ಓಡುತ್ತಾನೆ, ಆ ಪಾತ್ರ ಮಾಡಿದ ತಕೆರು ಸಾಟೊ ನೆಲಕ್ಕೆ ತಾಗುವಂತೆ ಬಾಗಿ ಓಡಿ ಅದಕ್ಕೆ ಸಮನಾದದ್ದನ್ನು ಮಾಡಿದರು.

ಉಡುಗೆ ಮತ್ತು ಕೂದಲು. ಅನಿಮೆಯಲ್ಲಿ ಒಂದು ಮೇಲಂಗಿಗೆ ಸಾಮಾನ್ಯವಾಗಿ ಒಂದು ಮೂಲ ಬಣ್ಣ, ಒಂದು ನೆರಳಿನ ಬಣ್ಣ. ಸಾವಿರಾರು ಚಿತ್ರಗಳಿಗೆ ಬಣ್ಣ ತುಂಬಬೇಕಾದ ಕೆಲಸದ ಅನುಕೂಲ ಅದು, ಬಟ್ಟೆಯ ಗುಣವಲ್ಲ. ಅದೇ ನೀಲಿಯನ್ನು ಒಂದೇ ನೇಯ್ಗೆಯಲ್ಲಿ ಹೊಲಿಸಿ ಎಲ್‌ಇಡಿ ಬೆಳಕಿನಡಿ ನಿಲ್ಲಿಸಿದರೆ ಬಾಡಿಗೆಗೆ ತಂದ ವೇಷದಂತೆ ಕಾಣುತ್ತದೆ. ಹತ್ತಿರ ಹತ್ತಿರದ ಎರಡು ಮೂರು ಛಾಯೆ, ಬೇರೆ ಬೇರೆ ನೇಯ್ಗೆ, ಅಂಚು ಮತ್ತು ಮೊಣಕೈಯಲ್ಲಿ ಸವೆತ, ಕಾಣುವ ಹೊಲಿಗೆ ಇವಿದ್ದರೆ ಕ್ಯಾಮೆರಾಗೆ ದೂರದಿಂದ ಅದೇ ಬಣ್ಣ, ಹತ್ತಿರದಿಂದ ಬಟ್ಟೆ. ಕೂದಲಿನ ಮೊನೆಗಳಿಗೂ ಇದೇ ಮಾತು. ಅವು ಗುರುತಿನ ಹೊರರೇಖೆ ಅಷ್ಟೇ. ರೇಖೆಯ ದಿಕ್ಕು ಉಳಿಸಿ, ಎತ್ತರ ಇಳಿಸಿ, ನಟ ತಲೆ ತಿರುಗಿಸಿದಾಗ ಕೂದಲು ಅಲುಗುವಂತಿರಬೇಕು. ಅಂಟು ಹಾಕಿ ಗಟ್ಟಿಮಾಡಿದ ವಿಗ್ ನಟನನ್ನೇ ಕೊಲ್ಲುತ್ತದೆ, ಯಾಕೆಂದರೆ ಅಲುಗದ ತಲೆಯನ್ನು ನೋಡುತ್ತ ನಾವು ಮುಖ ನೋಡುವುದನ್ನೇ ಬಿಡುತ್ತೇವೆ.

ಬಿಬಾಪ್ ಪ್ರಶ್ನೆಗೆ ಇಲ್ಲೇ ಉತ್ತರಿಸಿಬಿಡುತ್ತೇನೆ. ಮೂಲದ 26 ಸಂಚಿಕೆಗಳಲ್ಲಿ ಪ್ರತಿಯೊಂದೂ 24 ನಿಮಿಷದೊಳಗೆ ಮುಗಿಯುತ್ತದೆ. ಕಾನೊ ಕೇಳದೆಯೇ ಬರೆದುಕೊಟ್ಟ ಹಾಡುಗಳಿಂದ ದೃಶ್ಯಗಳು ಹುಟ್ಟಿದ್ದೂ ಉಂಟು, ಸಂಗೀತವೇ ಸಂಕಲನದ ಅಳತೆಗೋಲು. 2021ರದು ಹತ್ತು ಸಂಚಿಕೆ, ಬಹುಪಾಲು 40 ನಿಮಿಷಕ್ಕೂ ಮೇಲೆ. ಸಂಗೀತ ಅದೇ, ಆದರೆ ಅದು ಮಾತಿನ ಕೆಳಗೆ ಹರಿಯುವ ಹಿನ್ನೆಲೆ. ಹೆಚ್ಚಿದ ನಿಮಿಷಗಳನ್ನು ಸ್ಪೈಕ್‌ನ ವೈರಿ ವಿಶಸ್ ಮತ್ತು ಹಳೆಯ ಪ್ರೇಯಸಿ ಜೂಲಿಯಾಗೆ ಹಂಚಿದರು. ಮೂಲದಲ್ಲಿ ವಿಶಸ್ ಬರುವುದು ಐದೇ ಸಂಚಿಕೆಗಳಲ್ಲಿ, ಜೂಲಿಯಾ ಬಹುಮಟ್ಟಿಗೆ ನೆನಪಿನ ತುಣುಕು. ಆಕೆ ಕಾಣುವುದಿಲ್ಲವಾದ್ದರಿಂದಲೇ ಸ್ಪೈಕ್ ಆ ರೀತಿ ಇದ್ದಾನೆ. ಆಕೆಯನ್ನು ಮತ್ತೆ ಮತ್ತೆ ಸೋಫಾದ ಮೇಲೆ ಕೂರಿಸಿ ಮಾತಾಡಿಸಿದರೆ ಅವನ ಮೌನಕ್ಕೆ ಕಾರಣವೇ ಉಳಿಯುವುದಿಲ್ಲ. ಸಲಹೆಗಾರರೆಂದು ಹೆಸರಿದ್ದ, ಮೂಲ ಸರಣಿಯ ನಿರ್ದೇಶಕ ಶಿನಿಚಿರೊ ವತನಾಬೆ, ಪರಿಶೀಲನೆಗೆ ಕಳಿಸಿದ ಆರಂಭದ ಕ್ಯಾಸಿನೊ ದೃಶ್ಯ ನೋಡಿ ಮುಂದೆ ನೋಡಲಾಗಲಿಲ್ಲ ಎಂದು ಆಮೇಲೆ ಸಂದರ್ಶನದಲ್ಲಿ ಹೇಳಿದರು. ಅವರ ಹೆಸರು ಪಟ್ಟಿಯಲ್ಲಿತ್ತು, ಅಧಿಕಾರ ಇರಲಿಲ್ಲ.

ಮಂಗಾಪುಟ:

ಇಬ್ಬರೂ ನಟರ ಆಯ್ಕೆಯ ಪ್ರಶ್ನೆಯನ್ನು ದಾಟಿ ಮುಂದೆ ಹೋದಿರಿ. ಅದು ಕಥೆಯಿಂದ ಬೇರೆ ಅಲ್ಲ ಎನ್ನುವುದಕ್ಕೆ 'ಘೋಸ್ಟ್ ಇನ್ ದ ಶೆಲ್' ಸಾಕ್ಷಿ.

ನಾಯಕಿ ಮೇಜರ್ ಪಾತ್ರಕ್ಕೆ ಸ್ಕಾರ್ಲೆಟ್ ಜೊಹಾನ್ಸನ್ ಆಯ್ಕೆಯನ್ನು 1995ರ ಮೂಲ ಅನಿಮೆ ಚಿತ್ರದ ನಿರ್ದೇಶಕ ಮಮೊರು ಒಶಿಯೇ ಸಮರ್ಥಿಸಿದ್ದರು. ಮೇಜರ್‌ನ ದೇಹ ಯಂತ್ರದ್ದು, ಅದಕ್ಕೆ ಕುಲವಿಲ್ಲ ಎಂಬುದು ಅವರ ವಾದದ ತಿರುಳು. ಅದನ್ನು ಒಪ್ಪಿಕೊಂಡೇ ನೋಡೋಣ. 2017ರ ಚಿತ್ರಕಥೆ ಏನು ಮಾಡಿತು? ಮೋತೊಕೊ ಎಂಬ ಜಪಾನಿ ಹುಡುಗಿಯನ್ನು ಕಂಪನಿ ಅಪಹರಿಸಿ, ಮಿದುಳನ್ನು ತೆಗೆದು, ಬಿಳಿಯ ಹೆಂಗಸಿನ ದೇಹದಲ್ಲಿಟ್ಟು ಮೀರಾ ಎಂದು ಹೆಸರಿಟ್ಟಿತು ಎಂದು ಕೊನೆಗೆ ಬಯಲು ಮಾಡುತ್ತದೆ. ಆಯ್ಕೆಯ ಬಗ್ಗೆ ಜನ ಎತ್ತಿದ್ದ ಆಕ್ಷೇಪವನ್ನು ಚಿತ್ರವೇ ತನ್ನ ರಹಸ್ಯವನ್ನಾಗಿ ಮಾಡಿಕೊಂಡಿತು, ಆದರೆ ಅದರ ನೋವನ್ನು ಎದುರಿಸದೆ ತಾಯಿಯ ಜೊತೆ ಒಂದೆರಡು ಭೇಟಿಯಲ್ಲಿ ಮುಗಿಸಿಬಿಟ್ಟಿತು.

ಅದಕ್ಕಿಂತ ಆಳದ ತಪ್ಪು ಪ್ರಶ್ನೆಯನ್ನೇ ಬದಲಿಸಿದ್ದು. ಒಶಿಯ ಮೇಜರ್‌ಗೆ ಕಳೆದುಹೋದ ನೆನಪಿನ ಚಿಂತೆಯಿಲ್ಲ. ತನ್ನೊಳಗೆ 'ನಾನು' ಎನ್ನುವಂಥದ್ದು ಮೊದಲಿಗೆ ಇದೆಯೇ ಎಂಬುದು ಅವಳ ಅನುಮಾನ. ಎದುರು ಬರುವ ಪಪೆಟ್ ಮಾಸ್ಟರ್ ಮಾಹಿತಿಯ ಕಡಲಲ್ಲಿ ತಾನಾಗಿ ಹುಟ್ಟಿದ ಜೀವ, ಕೊನೆಗೆ ಇಬ್ಬರೂ ಬೆರೆತು ಮೂರನೆಯದೊಂದು ಆಗುತ್ತಾರೆ. ಹಾಲಿವುಡ್ 'ನಾನು ಯಾರು' ಎಂಬುದನ್ನು 'ನಾನು ಯಾರಾಗಿದ್ದೆ' ಎಂದು ಓದಿಕೊಂಡಿತು. ಎರಡನೆಯದಕ್ಕೆ ಉತ್ತರ ಕಡತದಲ್ಲಿ ಸಿಗುತ್ತದೆ, ಖಳನಾಯಕನೂ ಸಿಗುತ್ತಾನೆ, ಗುಂಡು ಹೊಡೆದು ಮುಗಿಸಬಹುದು. ಅಮೆರಿಕದ ಸ್ಟುಡಿಯೋ ಚಿತ್ರಕಥೆಗೆ ನಾಯಕಿಯ ಹಳೆಯ ಗಾಯ ಬೇಕೇ ಬೇಕು, ಅದು ಮೂಲದಲ್ಲಿ ಇಲ್ಲದಿದ್ದರೆ ಹೊಲಿದು ಸೇರಿಸುತ್ತಾರೆ.

ಚಿತ್ರಗಳನ್ನಂತೂ ನಿಷ್ಠೆಯಿಂದ ತಂದರು: ಕಟ್ಟಡದಿಂದ ಜಿಗಿತ, ಆಳವಿಲ್ಲದ ನೀರಿನ ಹೊಡೆದಾಟ, ಜೇಡದ ಟ್ಯಾಂಕು. ವೆಟಾ ವರ್ಕ್‌ಶಾಪ್ ಮಾಡಿದ ಗೇಶಾ ಯಂತ್ರಗಳ ಕೈಕೆಲಸ ನಿಜಕ್ಕೂ ಬೆರಗು. ಆದರೆ 1995ರದರ ನಡುವೆ ಮೂರು ನಿಮಿಷಕ್ಕೂ ಮೇಲೆ ಮಾತೇ ಇಲ್ಲದೆ ಮಳೆಯ ನಗರ, ಕಾಲುವೆ, ಅಂಗಡಿ ಬೊಂಬೆ, ತನ್ನಂತೆಯೇ ಕಾಣುವ ಇನ್ನೊಂದು ಮುಖ, ಮೇಲೆ ಕೆಂಜಿ ಕವಾಯಿಯ ಕೋರಸ್ ಇದೆ. ಕಥೆ ಅಲ್ಲಿ ಒಂದಿಂಚೂ ಸಾಗುವುದಿಲ್ಲ, ಅನುಮಾನ ನಮಗೆ ಅಂಟಿಕೊಳ್ಳುವುದು ಅಲ್ಲೇ. 2017ರದು ಇಪ್ಪತ್ತು ನಿಮಿಷಕ್ಕೂ ಹೆಚ್ಚು ಉದ್ದವಿದ್ದರೂ ಅಷ್ಟು ಹೊತ್ತು ಸುಮ್ಮನಿರುವ ಧೈರ್ಯ ಅದಕ್ಕಿಲ್ಲ.

'ಸ್ಪೀಡ್ ರೇಸರ್' ಅನ್ನು ಮಾತ್ರ ಈ ಪಟ್ಟಿಗೆ ಸೇರಿಸಬೇಡಿ. 2008ರಲ್ಲಿ ಸುಮಾರು 12 ಕೋಟಿ ಡಾಲರ್ ಖರ್ಚಾಗಿ 10 ಕೋಟಿಯೂ ಬರಲಿಲ್ಲ, ಅದು ನಿಜ. ಆದರೆ ಮುಂದಿನದು ಹಿಂದಿನದು ಎರಡೂ ಒಂದೇ ಹರಿತದಲ್ಲಿ ಕಾಣುವಂತೆ ಪದರ ಪದರವಾಗಿ ಜೋಡಿಸಿ, ಮಾತಾಡುವ ಮುಖಗಳನ್ನೇ ತೆರೆಯ ಮೇಲೆ ಜಾರಿಸಿ ದೃಶ್ಯ ಬದಲಿಸಿದ ನಿರ್ದೇಶಕರಾದ ವಾಚೌಸ್ಕಿಗಳು, ಅನಿಮೆಯ ವ್ಯಾಕರಣವನ್ನೇ ಕ್ಯಾಮೆರಾಗೆ ಕಲಿಸಲು ಹೊರಟವರು. ಅದು ಸೊರಗುವುದು ಷೇರು ಬೆಲೆ, ಕಂಪನಿ ವಿಲೀನದ ಉದ್ದುದ್ದ ವಿವರಣೆಯಲ್ಲಿ. ರೇಸಿನಲ್ಲಲ್ಲ.

ತೆರೆಮರೆ:

ಹಾಗಾದರೆ ಬದಲಿಸುವುದೇ ತಪ್ಪು ಎಂದಾಗುತ್ತದೆಯಲ್ಲ? 'ಒನ್ ಪೀಸ್'ನಲ್ಲೂ ಸಾಕಷ್ಟು ಬದಲಾಗಿದೆ. 'ಅಲಿಟಾ: ಬ್ಯಾಟಲ್ ಏಂಜೆಲ್' ಚಿತ್ರ ಎಲ್ಲಿ ನಿಲ್ಲುತ್ತದೆ?

ಕತ್ತರಿಕೆಲಸ:

ಬದಲಾವಣೆ ತಪ್ಪಲ್ಲ. ಯಾವ ಕಂಬ ಮುಟ್ಟಬಾರದು ಎಂದು ಗೊತ್ತಿರಬೇಕು ಅಷ್ಟೇ.

'ಒನ್ ಪೀಸ್' ಮೊದಲ ಸರಣಿ ಮಂಗಾದ ಸುಮಾರು 95 ಅಧ್ಯಾಯಗಳನ್ನು ಎಂಟು ಸಂಚಿಕೆಗೆ ಇಳಿಸಿತು. ಬರಾಟಿ ಎಂಬ ಹೋಟೆಲು ಹಡಗಿನ ಭಾಗದ ದೊಡ್ಡ ವೈರಿ ಡಾನ್ ಕ್ರೀಗ್‌ನನ್ನು ಕತ್ತಿವೀರ ಮಿಹಾಕ್ ಕೈಯಲ್ಲಿ ಒಂದೇ ದೃಶ್ಯದಲ್ಲಿ ಮುಗಿಸಿದರು. ಆ ಜಾಗಕ್ಕೆ ನಾಮಿಯನ್ನು ಕಾಡುವ ವೈರಿ ಅರ್ಲಾಂಗ್‌ನನ್ನು ಮೊದಲೇ ಕರೆತಂದರು. ಆಗ ಹಡಗಿನ ಸಂಗಾತಿಯಾದ ನಾಮಿಯ ಕಥೆ ಕೊನೆಯಲ್ಲಿ ಬಂದು ಕೂರದೆ ನಡುವಿನಿಂದಲೇ ಹೊಗೆಯಾಡತೊಡಗಿತು. ಮಂಗಾದಲ್ಲಿ ಬಹಳ ತಡವಾಗಿ ಬರುವ ನೌಕಾಪಡೆಯ ಗಾರ್ಪ್ ಇಲ್ಲಿ ಮೊದಲ ಸಂಚಿಕೆಯಿಂದಲೇ ಬೆನ್ನಟ್ಟುತ್ತಾನೆ, ಎಂಟೂ ಸಂಚಿಕೆಗಳನ್ನು ಹೊಲಿಯುವ ದಾರ ಅದು. ಇಷ್ಟಾದರೂ ರಬ್ಬರ್ ಕೈಯ ನಾಯಕ ಲೂಫಿ ಲೂಫಿಯೇ. ಅವನಿಗೆ ಅನುಮಾನ ಹುಟ್ಟಿಸಲಿಲ್ಲ, ಹಳೆಯ ಗಾಯ ಹೊಲಿಯಲಿಲ್ಲ, ಅವನ ಹುಚ್ಚು ಮಾತಿಗೆ ಯಾರೂ ಕಣ್ಣು ಮಿಟುಕಿಸಿ ಕ್ಷಮೆ ಕೇಳಲಿಲ್ಲ. ಕೈ ಹಿಗ್ಗುವುದನ್ನು ಬೇಕಾದಲ್ಲಿ ಮಾತ್ರ, ಚಿಕ್ಕ ಶಾಟ್‌ಗಳಲ್ಲಿ ತೋರಿಸಿದರು. ಹಡಗುಗಳನ್ನು ನಿಜವಾಗಿ ಕಟ್ಟಿದ್ದರಿಂದ ನಟರ ಕಾಲ ಕೆಳಗೆ ಹಲಗೆ ಇತ್ತು, ಕಣ್ಣು ನೆಟ್ಟಲು ಜಾಗವಿತ್ತು.

'ಅಲಿಟಾ' ನಡುವೆ ನಿಲ್ಲುತ್ತದೆ. 2017ರ ಕೊನೆಯಲ್ಲಿ ಬಂದ ಟ್ರೇಲರ್‌ನಲ್ಲಿ, ನಾಯಕಿ ಅಲಿಟಾಗೆ ಕಂಪ್ಯೂಟರಿನಲ್ಲಿ ಮಾಡಿದ ಅನಿಮೆಯಂಥ ದೊಡ್ಡ ಕಣ್ಣು ವಿಚಿತ್ರವೆನಿಸಿತು. ತಂಡ ಕಣ್ಣನ್ನು ಚಿಕ್ಕದು ಮಾಡದೆ ಕಪ್ಪುಗುಡ್ಡೆಯ ಸುತ್ತಲ ಬಣ್ಣದ ವಲಯವನ್ನು ದೊಡ್ಡದು ಮಾಡಿತು. ಕಾಣುವ ಬಿಳಿ ಕಡಿಮೆಯಾದಾಗ ಸದಾ ಬೆಚ್ಚಿದಂತಿದ್ದ ನೋಟ ಇಳಿಯಿತು. ಜಾಣ ತಿದ್ದುಪಡಿ, ಆ ಪಾತ್ರದ ರೋಸಾ ಸಲಜಾರ್ ಅಭಿನಯ ಅದರಿಂದ ನಮಗೆ ತಲುಪಿತು. ಕಥೆಯ ಕ್ರಮ ಮಾತ್ರ ಎಡವಿತು. ಯುಕಿತೊ ಕಿಶಿರೊ ಮಂಗಾದಲ್ಲಿ ಆಕೆ ಮೋಟರ್‌ಬಾಲ್ ಎಂಬ ಹಿಂಸೆಯ ಆಟಕ್ಕೆ ಹೋಗುವುದು ಪ್ರೀತಿಸಿದವನು ಸತ್ತ ಮೇಲೆ, ದುಃಖವನ್ನು ಸುಟ್ಟುಕೊಳ್ಳಲು. ಚಿತ್ರದಲ್ಲಿ ಆಟ ಮೊದಲು, ಸಾವು ಆಮೇಲೆ. ದುಃಖದ ಮನೆಯಾಗಿದ್ದ ಕ್ರೀಡಾಂಗಣ ರೋಮಾಂಚನದ ದೃಶ್ಯವಾಯಿತು, ಸಾವಿನ ನಂತರ ಆಕೆಗೆ ಅಳಲು ಹೊತ್ತೇ ಸಿಗದೆ ಎರಡನೆಯ ಭಾಗದ ಜಾಹೀರಾತಿನಂತೆ ಚಿತ್ರ ನಿಂತುಬಿಡುತ್ತದೆ. ಜೇಮ್ಸ್ ಕ್ಯಾಮೆರಾನ್ ಬರೆದಿಟ್ಟಿದ್ದ ಚಿತ್ರಕಥೆ 180 ಪುಟಕ್ಕೂ ಮೇಲಿತ್ತು. ಅದನ್ನು ಒಂದು ಚಿತ್ರದ ಅಳತೆಗೆ ತಂದ ರಾಬರ್ಟ್ ರೋಡ್ರಿಗಸ್ ಕೆಲಸ ಸುಲಭದ್ದಾಗಿರಲಿಲ್ಲ.

ಹಕ್ಕುಪತ್ರ:

ಒಪ್ಪಂದದ ಬಗ್ಗೆ ಯಾರೂ ಹೇಳಲಿಲ್ಲ, ಅದನ್ನು ಸೇರಿಸುತ್ತೇನೆ.

'ಅನಿಮೆ ಹಕ್ಕು ಕೊಂಡರು' ಎನ್ನುವುದು ಸಡಿಲ ಮಾತು. ಮಂಗಾ ಇದ್ದಲ್ಲಿ ಕಥೆಯ ಹಕ್ಕು ಸಾಮಾನ್ಯವಾಗಿ ಲೇಖಕರದು, ಮಾತುಕತೆ ಪ್ರಕಾಶಕರ ಮೂಲಕ. ಅನಿಮೆ ತಯಾರಾಗುವುದು ಪ್ರಕಾಶಕ, ಟಿವಿ ವಾಹಿನಿ, ಸಂಗೀತ ಕಂಪನಿ, ಆಟಿಕೆ ಕಂಪನಿ ಇಂಥವರು ಸೇರಿದ ನಿರ್ಮಾಣ ಸಮಿತಿಯ ಹಣದಲ್ಲಿ. ಅನಿಮೆಯಲ್ಲಷ್ಟೇ ಇರುವ ಸಂಗೀತ, ಬಣ್ಣವಿನ್ಯಾಸ, ಹೊಸ ದೃಶ್ಯಗಳು ಆ ಸಮಿತಿಯ ಸೊತ್ತು. ಕಥೆಯ ಹಕ್ಕು ಮಾತ್ರ ಕೊಂಡ ಸ್ಟುಡಿಯೋಗೆ ಅಭಿಮಾನಿಗಳು ಕಾದಿರುವ ರಾಗ ಬಳಸಲು ಬೇರೆಯೇ ಒಪ್ಪಂದ ಬೇಕು.

ಎರಡನೆಯದು ಕಾಲಮಿತಿ. ಚಿತ್ರ ಮಾಡಲು ಕಥೆಯನ್ನು ಕಾಯ್ದಿರಿಸುವ 'ಆಪ್ಷನ್' ಹಕ್ಕು ವರ್ಷವೋ ಒಂದೂವರೆ ವರ್ಷವೋ ಇದ್ದು ನವೀಕರಿಸಬೇಕಾಗುತ್ತದೆ. ಅಷ್ಟರಲ್ಲಿ ಬರಹಗಾರರು ಬದಲಾಗುತ್ತಾರೆ, ಪ್ರತಿಯೊಬ್ಬರೂ ಹಿಂದಿನವರ ಕರಡನ್ನು ತಿದ್ದುತ್ತಾರೆ, ನಾಲ್ಕನೆಯವರ ಹೊತ್ತಿಗೆ ಮೇಜಿನ ಮೇಲೆ ಮಂಗಾ ಇರುವುದೇ ಇಲ್ಲ. 'ಅಕಿರಾ' ಹಕ್ಕು ವಾರ್ನರ್ ಬ್ರದರ್ಸ್ ಕೈಸೇರಿದ್ದು 2002ರಲ್ಲಿ. ಟೈಕಾ ವೈಟಿಟಿ ನಿರ್ದೇಶನದಲ್ಲಿ 2021ರ ಮೇ 21ಕ್ಕೆ ಎಂದು ದಿನಾಂಕವೂ ಬಂತು, ಚಿತ್ರ ಬರಲಿಲ್ಲ.

ಮೂರನೆಯದು, ಇದೇ ಮುಖ್ಯ: ಲೇಖಕರ ಮಾತಿಗೆ ಒಪ್ಪಂದದಲ್ಲಿ ಯಾವ ಕ್ರಿಯಾಪದವಿದೆ? 'ಸಮಾಲೋಚಿಸಬೇಕು' ಎಂದಿದ್ದರೆ ಕರಡು ಕಳಿಸಿದರೆ ಸಾಕು, ಒಪ್ಪಬೇಕಿಲ್ಲ. 'ಅನುಮೋದನೆ ಪಡೆಯಬೇಕು' ಎಂದಿದ್ದರೆ ನಿಲ್ಲಿಸಬಹುದು. ಮೂಲ ಲೇಖಕ ಅಕಿರಾ ತೊರಿಯಾಮ 2009ರ ಡ್ರ್ಯಾಗನ್‌ಬಾಲ್ ಚಿತ್ರಕಥೆಗೆ ಸಲಹೆ ಕೊಟ್ಟರು, ತಂಡ ಕೇಳಲಿಲ್ಲ. ಆ ಬೇಸರವೇ ಅವರನ್ನು 2013ರ ಅನಿಮೆ ಚಿತ್ರದ ಕೆಲಸಕ್ಕೆ ಮತ್ತೆ ಹತ್ತಿರ ತಂದಿತು. ಚಿತ್ರಕಥೆ ಬರೆದ ಬೆನ್ ರಾಮ್ಸಿ 2016ರಲ್ಲಿ, ಅಭಿಮಾನಿಯಾಗಿ ಅಲ್ಲ, ದೊಡ್ಡ ಸಂಭಾವನೆಗಾಗಿ ಒಪ್ಪಿಕೊಂಡಿದ್ದೆ ಎಂದು ಕ್ಷಮೆ ಕೇಳಿದರು. 'ಒನ್ ಪೀಸ್'ನಲ್ಲಿ ಅದರ ಲೇಖಕ ಎಯ್ಚಿರೊ ಓಡ ಕಾರ್ಯನಿರ್ವಾಹಕ ನಿರ್ಮಾಪಕರಾಗಿದ್ದರು. ತಮಗೆ ತೃಪ್ತಿಯಾಗುವವರೆಗೂ ಬಿಡುಗಡೆಯಿಲ್ಲ ಎಂದು ನೆಟ್‌ಫ್ಲಿಕ್ಸ್ ಒಪ್ಪಿದೆಯೆಂದು ಬಹಿರಂಗ ಪತ್ರದಲ್ಲೇ ಬರೆದರು.

ಇಪ್ಪತ್ನಾಲ್ಕು_ಚೌಕಟ್ಟು:

ತೆರೆಮರೆಯವರೇ, ಪಕ್ಕಪಕ್ಕ ಇಟ್ಟು ನೋಡಲು ಒಂದೇ ಜೋಡಿ ಸಾಕು. ಮೂಲ ಬಿಬಾಪ್‌ನ ಐದನೆಯ ಸಂಚಿಕೆಯ ಕೊನೆಯಲ್ಲಿ ಸ್ಪೈಕ್ ಚರ್ಚಿನ ಬಣ್ಣದ ಗಾಜು ಒಡೆದು ಬೀಳುತ್ತಾನೆ. 2021ರ ಹತ್ತನೆಯ ಸಂಚಿಕೆಯಲ್ಲೂ ಚರ್ಚಿನ ಕಿಟಕಿಯಿಂದಲೇ ಬೀಳುತ್ತಾನೆ. ಮೊದಲು ಎರಡನ್ನೂ ಸದ್ದಿಲ್ಲದೆ ನೋಡಿ, ಬೀಳುವವನ ಮುಖದಿಂದ ಎಷ್ಟು ಸಲ ಬೇರೆಡೆಗೆ ಕತ್ತರಿಸುತ್ತಾರೆ, ಎಲ್ಲಿಗೆ ಹೋಗುತ್ತಾರೆ ಎಂದು ಎಣಿಸಿ. ಮೂಲದಲ್ಲಿ ಬೀಳುತ್ತಿರುವಾಗಲೇ ಹಳೆಯ ದಿನಗಳ ತುಣುಕುಗಳು ಬರುತ್ತವೆ, ಯಾರೂ ಏನೂ ವಿವರಿಸುವುದಿಲ್ಲ. ಆಮೇಲೆ ಸದ್ದು ಹಾಕಿ ನೋಡಿ. ಮೂಲದಲ್ಲಿ ಬೀಳುವಾಗ ಇರುವುದು ಎಳೆಯ ದನಿಯ ಕೋರಸ್ ಮಾತ್ರ. ಹೊಸದರಲ್ಲಿ ಬೀಳುವ ಮೊದಲು ಜೂಲಿಯಾ ಎಷ್ಟು ಹೊತ್ತು ಮಾತಾಡುತ್ತಾಳೆ ಎಂದು ಗಡಿಯಾರ ಹಿಡಿದು ಅಳೆಯಿರಿ.